ನಿದ್ದೆಗೆಟ್ಟ ಮಾರನೇ ಬೆಳಗು

ನನಗೆ ಬರುತ್ತಿದ್ದ ಫಿಟ್ಸನ್ನು ನಾನು ಒಮ್ಮೆಯೂ ನೋಡಿಲ್ಲ. ನೋಡಿದವರು ಹೇಳಿದ್ದಷ್ಟೇ ಗೊತ್ತು. ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಳ್ಳುತ್ತಿತ್ತಂತೆ, ಹಲ್ಲು ಕಚ್ಚಿಕೊಳ್ಳುತ್ತಿತ್ತಂತೆ, ಗಂಟಲಿನಿಂದ ಕುರಿ ಕೊಯ್ಯುವಾಗ ಬರುವಂಥ ಸದ್ದು ಬರುತ್ತಿತ್ತಂತೆ. ಕೊನೆಯದನ್ನು ಹೇಳಿದವನು ನನ್ನ ಅಣ್ಣ. ಎಲ್ಲರೂ ಊಟಕ್ಕೆ ಕೂತಿದ್ದಾಗ ಹೇಳಿದ. ಯಾರೂ ಅವನನ್ನು ಗದರಲಿಲ್ಲ. ನನಗಾಗ ಹದಿಮೂರೋ ಹದಿನಾಲ್ಕೋ.

ಮೊದಲ ಸಲ ಬಿದ್ದದ್ದು ಸ್ಕೂಲಿಗೆ ಹೊರಡುವ ಹೊತ್ತಿನಲ್ಲಿ. ಸೋಲೂರಿನಲ್ಲಿ ನೆಂಟರ ಮದುವೆಗೆ ಹೋಗಿದ್ದೆವು. ಚಪ್ಪರದ ಕೆಳಗೆ ಹುಡುಗಿಯರೆಲ್ಲ ಸೇರಿ ಕಣ್ಣು ಮುಚ್ಚದೆ ಹರಟಿ, ಬೆಳಗಿನ ಮೊದಲ ಬಸ್ಸಿಗೆ ಊರಿಗೆ ಬಂದೆವು. ಬಚ್ಚಲಿನಲ್ಲಿ ಮುಖ ತೊಳೆಯುತ್ತಿದ್ದವಳು ಹಂಡೆಯ ಮೇಲೆ ಬಿದ್ದೆ. ಎಚ್ಚರವಾದಾಗ ನನ್ನ ಕೈಯಲ್ಲಿ ಮನೆಯ ಬೀಗದ ಕೈಗೊಂಚಲು ತುರುಕಿದ್ದರು. ಮೂಗಿನ ಹತ್ತಿರ ಅಪ್ಪನ ಚಪ್ಪಲಿ ಇತ್ತು. ಮುಂದಿನ ಹಲ್ಲಿನ ತುದಿ ಮುರಿದಿತ್ತು. ಬಿದ್ದದ್ದಕ್ಕಲ್ಲ, ಬಾಯಿ ಬಿಡಿಸಲೆಂದು ಅಣ್ಣ ಸೌಟು ತೂರಿಸಿದ್ದಕ್ಕೆ.

ಅವ್ವ ಗೋಡೆಯ ಕ್ಯಾಲೆಂಡರ್ ನೋಡಿದಳು. ಅಮಾವಾಸ್ಯೆ ಹತ್ತಿರದಲ್ಲೇ ಇತ್ತು. ಅಷ್ಟು ಸಾಕಾಯಿತು ಅವಳಿಗೆ.

ಅಲ್ಲಿಂದ ಮುಂದೆ ನನ್ನ ಕಾಯಿಲೆ ಚಂದ್ರನಿಗೆ ಸೇರಿದ್ದಾಯಿತು. ಅವ್ವನ ಲೆಕ್ಕದಲ್ಲಿ ಅಮಾವಾಸ್ಯೆಗೆ ಹಿಂದೆ ಒಂದೆರಡು ದಿನ, ಮುಂದೆ ಒಂದೆರಡು ದಿನ ಸೇರುತ್ತಿದ್ದವು. ಹುಣ್ಣಿಮೆಗೂ ಹಾಗೇ. ಹೀಗೆ ಸೇರಿಸುತ್ತಾ ಹೋದರೆ ತಿಂಗಳಲ್ಲಿ ಬಿಡುವಿನ ದಿನ ಎಷ್ಟು ತಾನೇ ಉಳಿದೀತು. ಆ ಉಳಿದ ದಿನಗಳಲ್ಲಿ ಬಿದ್ದರೆ ಅವ್ವ ಅದನ್ನು ಮರೆತೇಬಿಡುತ್ತಿದ್ದಳು. ನಾನು ಬೀಳುತ್ತಿದ್ದದ್ದು ಯಾವಾಗಲೂ ಬೆಳಗಿನ ಹೊತ್ತು, ನಿದ್ದೆಗೆಟ್ಟ ಮಾರನೇ ದಿನ ಎಂಬುದು ಮನೆಯಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ. ನನಗೂ ತಿಳಿಯಲಿಲ್ಲ.

ಪಕ್ಕದೂರಿನಿಂದ ಬರೆ ಹಾಕುವವನನ್ನು ಕರೆಸಿದರು. ಅವನು ಕಬ್ಬಿಣದ ಬಳೆ ಕಾಯಿಸಿಕೊಂಡು ಹಣೆಗೆ ಹಾಕಬೇಕು ಅಂದ. ಅಪ್ಪ ನನ್ನ ಎರಡೂ ಕೈ ಹಿಡಿದುಕೊಂಡಿದ್ದ. ಆಗ ಅವ್ವ ಅಡ್ಡ ಬಂದಳು. ಬೇಡ ಅನ್ನುತ್ತಾಳೆ ಅಂದುಕೊಂಡೆ.

"ಹಣೆಗೆ ಬ್ಯಾಡ ಕನಪ್ಪ, ಹೆಣ್ಣುಮೊಗ. ನಾಳೆ ನೋಡಾಕೆ ಬಂದೋರ್ಗೆ ಕಾಣ್ತದೆ. ಹಿಂದ್ಗಡೆ ಹಾಕು, ಕೂದ್ಲು ಮುಚ್ಕತದೆ" ಅಂದಳು.

ಕುತ್ತಿಗೆಯ ಹಿಂದೆ ಹಾಕಿದ. ಜಡೆ ಅದನ್ನು ಮುಚ್ಚಿಕೊಂಡಿತು. ಅವ್ವ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಆಮೇಲೆ ಯಾವುದೋ ಡಾಕ್ಟರ ಹತ್ತಿರ ಹೋಗಿ ಮಾತ್ರೆಯನ್ನೂ ತಂದರು. ಮಾತ್ರೆ ನುಂಗುವಾಗ ಕಡಿಮೆಯಾಗುತ್ತಿತ್ತು. ಕಡಿಮೆಯಾದದ್ದು ಬರೆಯಿಂದ ಎಂದು ಅವ್ವ, ದೇವರ ಹರಕೆಯಿಂದ ಎಂದು ಅಜ್ಜಿ. ಬೆಳಿಗ್ಗೆ ಎದ್ದ ಹೊಸತರಲ್ಲಿ ಮಾತ್ರ ಕೈ ನನ್ನ ಮಾತು ಕೇಳುತ್ತಿರಲಿಲ್ಲ. ಕಾಫಿ ಲೋಟ ಹಿಡಿದರೆ ಯಾರೋ ಕೆಳಗಿನಿಂದ ತಟ್ಟಿದ ಹಾಗೆ ಕೈ ಎಗರುತ್ತಿತ್ತು, ಲೋಟ ಹೋಗಿ ಗೋಡೆಗೆ ಬಡಿಯುತ್ತಿತ್ತು. ಅದಕ್ಕೂ ಕಾಯಿಲೆಗೂ ಸಂಬಂಧವಿದೆ ಎಂದು ಯಾರಿಗೆ ಹೊಳೆಯಬೇಕು? ಅದಕ್ಕೆ ನನಗೆ ಬೀಳುತ್ತಿದ್ದದ್ದು ಬರೀ ಏಟು.

ಮದುವೆ ಮಾತು ಬಂದಾಗ ಅಪ್ಪ ನನ್ನನ್ನು ಕೊಟ್ಟಿಗೆಯ ಹತ್ತಿರ ಕರೆದ. ಹಸುವಿಗೆ ಹುಲ್ಲು ಹಾಕುತ್ತಲೇ, ನನ್ನ ಮುಖ ನೋಡದೆ ಹೇಳಿದ.

"ನಿಂಗೇನೂ ಇಲ್ಲ. ಯಾರ್ ಕೇಳುದ್ರೂ ಏನೂ ಇಲ್ಲ. ತಿಳೀತಾ?"

"ಮಾತ್ರೆ ಅಪ್ಪ?"

"ಮಾತ್ರೆ ನುಂಗೋಳ್ನ ನೋಡುದ್ರೆ ಕಾಯ್ಲೆ ಐತೆ ಅಂತ ತಿಳೀದೆ ಇರ್ತದಾ? ಬುಟ್ಬುಡು."

ಮಾಗಡಿ ಕಡೆಯ ಸುದ್ದಿ ಕನಕಪುರದ ಕಡೆಗೆ ಹೋಗಲಾರದು ಎಂದು ಅಷ್ಟು ದೂರ ನೋಡಿ ಕೊಟ್ಟರು. ಕಬ್ಬಾಳು ಬೆಟ್ಟ ಅಂಗಳದಿಂದಲೇ ಕಾಣುವ ಊರು. ಮನೆಯಲ್ಲಿ ಅತ್ತೆ, ಭಾವ, ಓರಗಿತ್ತಿ, ಅವರ ಬೆಳೆಯುತ್ತಿದ್ದ ಮಗಳು, ನನ್ನ ಗಂಡ. ಮಾವ ಇರಲಿಲ್ಲ. ನೀರಾವರಿ ಹೊಲ, ಹಿಪ್ಪುನೇರಳೆ ತೋಟ, ಹಿಂದುಗಡೆ ಉದ್ದನೆಯ ರೇಷ್ಮೆ ಹುಳದ ಮನೆ. ಗಂಡ ಸಣ್ಣ ದನಿಯವನು. ರಾಮನಗರಕ್ಕೆ ರೇಷ್ಮೆಗೂಡು ಮಾರಲು ಹೋಗಿ ಬರುವಾಗ ನನಗೆಂದು ಬೇರೆ ಪೊಟ್ಟಣದಲ್ಲಿ ಖಾರದ ಕಡಲೇಬೀಜ ತರುತ್ತಿದ್ದ. ಅದನ್ನು ಯಾರಿಗೂ ತೋರಿಸದೆ ಕೊಡುತ್ತಿದ್ದ. ನಾನು ಅವನನ್ನು ಬಹಳ ಹಚ್ಚಿಕೊಂಡಿದ್ದೆ. ಇದನ್ನು ಹೇಳದೆ ಮುಂದಿನದನ್ನು ಹೇಳಿದರೆ ಅರ್ಥವಾಗುವುದಿಲ್ಲ.

ರೇಷ್ಮೆ ಸಾಕುವ ಮನೆಯಲ್ಲಿ ಹುಳ ಹಣ್ಣಾಗುವ ದಿನಗಳು ಬೇರೆಯೇ. ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದ ಮೇಲೆ ಹುಳ ಸೊಪ್ಪು ತಿನ್ನುವ ಸದ್ದು ಮಳೆ ಬಿದ್ದ ಹಾಗೆ ಕೇಳುತ್ತದೆ. ಆಮೇಲೆ ಒಂದು ದಿನ ತಿನ್ನುವುದನ್ನು ನಿಲ್ಲಿಸಿ, ಮೈಯೆಲ್ಲ ಬೆಳಕು ಹಾದು ಬರುವಂತೆ ಹಳದಿಯಾಗಿ, ತಲೆ ಎತ್ತಿ ಆಡಿಸುತ್ತದೆ. ಅಂಥ ಹುಳವನ್ನು ಒಂದೊಂದಾಗಿ ಆಯ್ದು ಚಂದ್ರಿಕೆಗೆ, ಬಿದಿರಿನ ತಟ್ಟಿಗೆ, ಬಿಡಬೇಕು, ಗೂಡು ಕಟ್ಟುವುದಕ್ಕೆ. ತಡವಾದರೆ ತಟ್ಟೆಯಲ್ಲೇ ನೂಲು ಉಗುಳಿ ಹಾಳಾಗುತ್ತದೆ. ಹಾಗಾಗಿ ಅವತ್ತು ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಕೂಲಿಗೆ ಹೆಂಗಸರನ್ನೂ ಕರೆಯುತ್ತಾರೆ.

ನಾನು ಆ ಮನೆ ಸೇರಿದ ಮೇಲೆ ಮೊದಲ ಬೆಳೆ ಹಣ್ಣಾದ ಮಾರನೇ ಬೆಳಿಗ್ಗೆ ಅಡುಗೆಮನೆಯಲ್ಲಿ ಬಿದ್ದೆ. ಒಲೆಯ ಪಕ್ಕದಲ್ಲಿ. ಎಡಗೈ ಸುಟ್ಟಿತು. ಗಂಡ ಹೆದರಿಹೋಗಿ ಸೊಪ್ಪಿನ ಟೆಂಪೋದಲ್ಲಿ ಮಲಗಿಸಿಕೊಂಡು ಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋದ. ದಾರಿಯುದ್ದಕ್ಕೂ ನನ್ನ ತಲೆ ಅವನ ತೊಡೆಯ ಮೇಲೆ ಇತ್ತಂತೆ.

ಎಮರ್ಜೆನ್ಸಿಯಲ್ಲಿ ಒಬ್ಬರು ಡಾಕ್ಟ್ರಮ್ಮ ಇದ್ದರು. ದಪ್ಪ ಕನ್ನಡಕ, ಮಾತು ಚುರುಕು. ನನಗೆ ಚೆನ್ನಾಗಿ ಎಚ್ಚರವಾಗುವವರೆಗೂ ಕಾದು, ಆಮೇಲೆ ಕೇಳಿದರು.

"ಎಷ್ಟು ಹೊತ್ತಿಗೆ ಬಿದ್ದದ್ದು?"

"ಬೆಳಿಗ್ಗೆ ಮೇಡಂ, ಕಾಫಿ ಹೊತ್ನಲ್ಲಿ" ಅಂದ ನನ್ನ ಗಂಡ.

"ಹಿಂದಿನ ರಾತ್ರಿ?"

ಅವನು ತಪ್ಪು ತಿಳಿದುಕೊಂಡು ನೆಲ ನೋಡಿದ.

"ನಿದ್ದೆ ಮಾಡಿದ್ರಾ ಅಂತ ಕೇಳಿದ್ದು."

"ಇಲ್ಲ ಮೇಡಂ. ಹುಳ ಹಣ್ಣಾಗಿತ್ತು."

ಡಾಕ್ಟ್ರಮ್ಮ ಪಕ್ಕದ ನರ್ಸಿನ ಕಡೆ ತಿರುಗಿ, "ನೋಡಿ, ಈ ವಾರ ಇನ್ನೊಂದು" ಅಂದರು. ಆಮೇಲೆ ನನ್ನನ್ನೇ ಕೇಳಿದರು. "ಬೆಳಿಗ್ಗೆ ಎದ್ದಾಗ ಕೈಯಿಂದ ಲೋಟ ಗೀಟ ಎಗರಿ ಬೀಳುತ್ತಾ ನಿಮಗೆ?"

ನನಗೆ ಅಳು ಬಂದುಬಿಟ್ಟಿತು. ಅಷ್ಟು ವರ್ಷ ಏಟು ತಿಂದ ವಿಷಯ ಇವರಿಗೆ ಹೇಗೆ ಗೊತ್ತಾಯಿತು ಅಂತ. ಅದೂ ಇದೇ ಕಾಯಿಲೆಯೇ, ನಿಮ್ಮ ಕೈಯ ತಪ್ಪಲ್ಲ ಎಂದು ಅವರು ಹೇಳಿದರು. ಅವತ್ತು ರೋಗಿಗಳು ಕಡಿಮೆಯಿದ್ದರೋ ಏನೋ, ಮಂಚದ ಪಕ್ಕ ನಿಂತು ಸಾವಕಾಶವಾಗಿ ಮಾತಾಡಿದರು. ಫಿಟ್ಸಿನವರು ಈ ಎಮರ್ಜೆನ್ಸಿಗೆ ಎಲ್ಲ ದಿನ ಒಂದೇ ಸಮ ಬರುವುದಿಲ್ಲ. ಹಬ್ಬಕ್ಕೆ ವಿಪರೀತ ಕುಡಿದು, ಆಮೇಲೆ ಥಟ್ಟನೆ ನಿಲ್ಲಿಸಿದ ಗಂಡಸರು ಹಬ್ಬ ಕಳೆದು ಒಂದೆರಡು ದಿನಕ್ಕೆ ಬರುತ್ತಾರೆ. ಮದುವೆಗಳಿರುವ ತಿಂಗಳಲ್ಲಿ ಬೆಳಗಿನ ಹೊತ್ತು ನನ್ನ ವಯಸ್ಸಿನವರು. ಊರೂರಲ್ಲಿ ಹುಳ ಹಣ್ಣಾದಾಗ ಹಳ್ಳಿಗಳಿಂದ ಹೆಂಗಸರು. ಮಾತ್ರೆ ಮುಗಿದರೂ ಸಂತೆ ದಿನದವರೆಗೆ ತಡೆಯೋಣ ಅಂದುಕೊಂಡವರು ಸಂತೆಗೆ ಮುಂಚೆಯೇ.

"ಅಮಾವಾಸ್ಯೆಗೆ ಮೇಡಂ?" ಅಂತ ಕೇಳಿದೆ.

"ಅದನ್ನೂ ಗಮನ ಇಟ್ಟು ನೋಡಿದ್ದೀನಮ್ಮ. ಅವತ್ತು ಬೇರೆ ದಿನಕ್ಕಿಂತ ಹೆಚ್ಚೇನೂ ಬರಲ್ಲ."

ಕೊನೆಗೆ ನನ್ನ ಗಂಡನಿಗೆ ಬಿಡಿಸಿ ಹೇಳಿದರು. "ಮಾತ್ರೆ ಒಂದು ದಿನವೂ ತಪ್ಪಿಸಬೇಡಿ. ಅಷ್ಟೇ ಮುಖ್ಯ ನಿದ್ದೆ. ಇವರನ್ನ ರಾತ್ರಿಯೆಲ್ಲ ಎದ್ದು ಕೂರಿಸಿದ್ರೆ ಮಾರನೇ ಬೆಳಿಗ್ಗೆ ಬಂದೇ ಬರುತ್ತೆ ಅಂತಲೇ ಇಟ್ಟುಕೊಳ್ಳಿ."

"ಮಾರನೇ ಬೆಳಿಗ್ಗೆ" ಅಂತ ಅವನು ಪಾಠ ಒಪ್ಪಿಸುವವನ ಹಾಗೆ ಹೇಳಿದ. ಇಷ್ಟು ಶ್ರದ್ಧೆಯಿಂದ ಕೇಳಿಸಿಕೊಳ್ಳುತ್ತಿದ್ದಾನಲ್ಲ ಎಂದು ನನಗೆ ಹೆಮ್ಮೆಯಾಯಿತು.

ಅದಾದ ಮೇಲೆ ಕೆಲವು ತಿಂಗಳು ಚೆನ್ನಾಗಿಯೇ ನಡೆಯಿತು. ಹುಳ ಹಣ್ಣಾದಾಗ ಗಂಡ ನನ್ನನ್ನು ಮಲಗಲು ಕಳಿಸುತ್ತಿದ್ದ. ನಾನು ಬೀಳಲಿಲ್ಲ. ಲೋಟವೂ ಬೀಳಲಿಲ್ಲ. ಆದರೆ ಹುಳ ಹಣ್ಣಾದ ದಿನ ಸೊಸೆ ಕಾಲು ಚಾಚಿ ಮಲಗುವ ಮನೆ ಆ ಸುತ್ತಿನಲ್ಲಿ ನಮ್ಮದೊಂದೇ. ಅತ್ತೆ ಬಾಯಿ ಬಿಟ್ಟು ಬೈಯುವವರಲ್ಲ. ಬೆಳಿಗ್ಗೆ ನಾನು ಎದ್ದು ಬಂದರೆ ಓರಗಿತ್ತಿಗೆ, "ಎದ್ದವ್ರೆ, ಬಿಸಿನೀರು ಕೊಡವ್ವ ಅಮ್ಮಾವ್ರಿಗೆ" ಅನ್ನುತ್ತಿದ್ದರು.

ಅಷ್ಟರಲ್ಲಿ ನಮ್ಮೂರ ಕಡೆಯ ಯಾರೋ ಅತ್ತೆಗೆ ಮದುವೆಮನೆಯೊಂದರಲ್ಲಿ ಸಿಕ್ಕಿದರು. ಹುಡುಗಿಗೆ ಚಿಕ್ಕಂದಿನಿಂದ ಇದೆ ಎಂದು ಹೇಳಿಬಿಟ್ಟರು. ಮನೆಗೆ ಬಂದ ಅತ್ತೆ ನನ್ನ ಹಿಂದೆ ಬಂದು ನಿಂತು, ಜಡೆ ಎತ್ತಿ ಕುತ್ತಿಗೆ ನೋಡಿದರು. ಜಡೆ ಬಿಟ್ಟು ಹೋದರು.

ಅವರಿಗೆ ಮೋಸವಾಗಿತ್ತು. ಅದನ್ನು ನಾನು ಇವತ್ತಿಗೂ ಅಲ್ಲ ಅನ್ನುವುದಿಲ್ಲ.

ನ್ಯಾಯ ಸೇರಿಸಿದರು. ಊರಿನ ಹಿರಿಯರು ಜಗುಲಿಯ ಮೇಲೆ ಕೂತರು. ಅಪ್ಪ ಮಾಗಡಿ ಕಡೆಯಿಂದ ಬಸ್ಸು ಬದಲಿಸಿ ಬಂದ. ಬಂದವನು ನನ್ನ ಕಡೆ ನೋಡದೆ ನೇರ ಜಗುಲಿಗೆ ಹೋಗಿ ಕೂತು, ನನಗೆ ಹೇಳಿಕೊಟ್ಟಿದ್ದನ್ನೇ ಅಲ್ಲೂ ಹೇಳಿದ. ನನ್ನ ಮಗಳಿಗೆ ಅಂಥಾದ್ದೇನೂ ಇಲ್ಲ. ಅವತ್ತು ಉಷ್ಣಕ್ಕೆ ತಲೆ ಸುತ್ತಿ ಬಿದ್ದಿರಬಹುದು. ಕುತ್ತಿಗೆಯ ಬರೆ ಬಾಲಗ್ರಹಕ್ಕೆ ಹಾಕಿಸಿದ್ದು, ಯಾರ ಮಕ್ಕಳಿಗೆ ಹಾಕಿಸುವುದಿಲ್ಲ? ಅಪ್ಪ ಇಷ್ಟು ಸಲೀಸಾಗಿ ಮಾತಾಡಬಲ್ಲ ಎಂದು ನನಗೆ ಗೊತ್ತೇ ಇರಲಿಲ್ಲ.

ಹಿರಿಯರಲ್ಲಿ ದೊಡ್ಡವರು ಎಲೆ ಅಡಿಕೆ ಉಗಿದು ಬಂದು ಹೇಳಿದರು. "ನೋಡಿ, ನಾವ್ಯಾರೂ ಕಣ್ಣಾರೆ ಕಂಡಿಲ್ಲ. ಕಾಣ್ದೆ ಒಂದು ಹೆಣ್ಮಗ್ಳ ಮ್ಯಾಲೆ ಮಾತು ಆಡುದ್ರೆ ಪಾಪ ಬತ್ತದೆ. ಒಸಿ ದಿನ ನೋಡಾನ. ಗೂಡು ಬಿಡ್ಸಾ ಹೊತ್ಗೆ ಇನ್ನೊಂದಪ ಸೇರಾನ."

ನಾನು ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಂಡೆ. ಮಾತ್ರೆ ನುಂಗುತ್ತಿದ್ದೆ, ನಿದ್ದೆ ಮಾಡುತ್ತಿದ್ದೆ. ಅವರು ಕಾಣುವಂಥದ್ದು ಏನೂ ಇರಲಾರದು ಎಂದು ನನಗೆ ಧೈರ್ಯವಿತ್ತು.

ಆ ಸಲದ ಬೆಳೆ ಹಣ್ಣಾಗುವ ಮುಂಚೆ ಮಾತ್ರೆ ಮುಗಿಯಿತು. ತರುತ್ತೇನೆ ಎಂದು ಗಂಡ ಹೇಳಿದ. ಅವತ್ತು ಪಟ್ಟಣಕ್ಕೆ ಹೋಗಿ ಬಂದವನು ಅಂಗಡಿ ಮುಚ್ಚಿತ್ತು ಅಂದ. ಮಾರನೇ ದಿನ ಮರೆತೆ ಅಂದ. ಅದರ ಮಾರನೇ ದಿನ ಹುಳ ತಲೆ ಎತ್ತಿತು. ಯಾವಾಗಲೂ ಬರುವ ಕೂಲಿ ಹೆಂಗಸರು ಬರಲಿಲ್ಲ. ಬೇರೆ ಊರಿಗೆ ಒಪ್ಪಿಕೊಂಡುಬಿಟ್ಟಿದ್ದಾರಂತೆ ಎಂದು ಅತ್ತೆ ಹೇಳಿದರು.

"ನೀನೂ ಒಸಿ ಕೈ ಹಾಕವ್ವ. ಇದೊಂದಪ" ಅಂದರು. ಅವರು ನನ್ನನ್ನು ಮೆತ್ತಗೆ ಮಾತಾಡಿಸಿ ತಿಂಗಳುಗಳಾಗಿದ್ದವು. ಕರಗಿಹೋದೆ.

ಹುಳದ ಮನೆಯಲ್ಲಿ ಕೂತು ಆಯ್ದೆವು. ನಾನು ತೂಕಡಿಸಿದರೆ ಅತ್ತೆ ಮಾತಿಗೆಳೆಯುತ್ತಿದ್ದರು, ನನ್ನ ತವರಿನ ಹಸು ಕರು ಹಾಕಿತೇ, ನಮ್ಮ ಕಡೆ ತೆಂಗು ಹೇಗಿದೆ ಎಂದು. ಅಷ್ಟು ಮಾತಾಡಿದ್ದೇ ಇಲ್ಲ ಅವರು. ಓರಗಿತ್ತಿ ಮಾತ್ರ ತಲೆಯೆತ್ತಲಿಲ್ಲ. ಒಂದು ಹೊತ್ತಿನಲ್ಲಿ ನನ್ನ ಕಣ್ಣು ತಾನಾಗಿ ಮುಚ್ಚಿಕೊಂಡು ಹೋಯಿತು. ಗೋಡೆಗೆ ಒರಗಿದೆ. ಯಾರೋ ಭುಜ ಅಲುಗಿಸಿದರು. ನೋಡಿದರೆ ಗಂಡ. ಕೈಯಲ್ಲಿ ಕಾಫಿ ಲೋಟ.

"ತಗೊ, ಕುಡಿ. ಗಟ್ಟಿಯಾಗಿ ಮಾಡಿವ್ನಿ" ಅಂದ.

ಮದುವೆಯಾದ ಮೇಲೆ ಅವನು ನನಗೆ ಮಾಡಿಕೊಟ್ಟ ಮೊದಲ ಕಾಫಿ. ಒಲೆ ಹಚ್ಚಿ ಹಾಲು ಕಾಯಿಸುವುದು ಅವನಿಗೆ ಬರುತ್ತದೆ ಎಂದೇ ನನಗೆ ತಿಳಿದಿರಲಿಲ್ಲ. ಸಕ್ಕರೆ ಜಾಸ್ತಿಯಾಗಿತ್ತು. ಚೆನ್ನಾಗಿದೆ ಅಂದೆ. ಆಮೇಲೆ ಇನ್ನೊಂದು ಸಲವೂ ತಂದುಕೊಟ್ಟ. ಆ ಎರಡು ಲೋಟ ಕಾಫಿಯ ಸಂತೋಷಕ್ಕೇ ನಾನು ಬೆಳಕು ಹರಿಯುವವರೆಗೆ ಕೂತಿದ್ದೆ. ಮಲಗುತ್ತೇನೆ ಎಂದು ಎದ್ದಾಗ ಅತ್ತೆ, "ಇನ್ನೇನು ಮಲಗಾದು, ಬೆಳಗಾಯ್ತು. ಮೊಖ ತೊಳ್ಕೊ, ನೆಂಟ್ರು ಬತ್ತಾರೆ" ಅಂದರು.

ಯಾವ ನೆಂಟರು ಎಂದು ಕೇಳುವಷ್ಟು ತಲೆ ನನಗಿರಲಿಲ್ಲ. ಮುಖ ತೊಳೆದು ಹೊರಗೆ ಬಂದರೆ ಜಗುಲಿಯ ಮೇಲೆ ಹಿರಿಯರೆಲ್ಲ ಕೂತಿದ್ದರು. ಅಪ್ಪನೂ ಇದ್ದ. ಹಿಂದಿನ ದಿನವೇ ಹೇಳಿಕಳಿಸಿದ್ದರಂತೆ, ನೆಂಟರ ಮನೆಯಲ್ಲಿ ಉಳಿದುಕೊಂಡು ಬಂದಿದ್ದ. ಗೂಡು ಬಿಡಿಸಲು ಇನ್ನೂ ದಿನವಿದೆಯಲ್ಲ, ಇಷ್ಟು ಬೇಗ ಯಾಕೆ ಸೇರಿದ್ದಾರೆ ಅಂದುಕೊಂಡೆ.

ಅತ್ತೆ ಕಾಫಿ ಲೋಟಗಳನ್ನಿಟ್ಟ ತಟ್ಟೆಯನ್ನು ನನ್ನ ಕೈಗೆ ಕೊಟ್ಟು, "ನೀನೇ ಕೊಡವ್ವ ಎಲ್ಲಾರ್ಗೂ" ಅಂದರು.

ಹೊಸಿಲು ದಾಟಿದೆ. ಕೈ ಎಗರಿತು. ಒಂದು ಲೋಟ ಅಲುಗಿ ಕಾಫಿ ಚೆಲ್ಲಿತು. ಆಗ ನನಗೆ ಗೊತ್ತಾಯಿತು. ಬರುವ ಮುಂಚೆ ಹೀಗೇ ಆಗುತ್ತಿತ್ತು, ಒಂದರ ಹಿಂದೆ ಒಂದು ಎಗರು, ಅದು ನಿಲ್ಲುವುದಿಲ್ಲ. ಗಂಡ ಕಂಬದ ಪಕ್ಕ ನಿಂತಿದ್ದ. ಅವನ ಕಡೆ ನೋಡಿದೆ. ಅವನಿಗೆ ಅರ್ಥವಾಯಿತು. ದಡಬಡ ನನ್ನ ಕಡೆ ಬಂದ. ಹಿಡಿದುಕೊಳ್ಳುತ್ತಾನೆ ಅಂದುಕೊಂಡು ನಾನು ಅವನ ಕಡೆಗೆ ವಾಲಿದೆ.

ಅವನು ನನ್ನ ಕೈಯಿಂದ ತಟ್ಟೆ ತೆಗೆದುಕೊಂಡ. ಎರಡೂ ಕೈಯಲ್ಲಿ ಜೋಪಾನವಾಗಿ ಹಿಡಿದು, ಹಿಂದಕ್ಕೆ ಸರಿದ.

ಅಷ್ಟೇ ನೆನಪಿರುವುದು.

ಎಚ್ಚರ ಬರುವಾಗ ನನಗೆ ಮೊದಲು ಕಿವಿ ಕೇಳಿಸುತ್ತದೆ. ಕಣ್ಣು ಆಮೇಲೆ. "ಇನ್ನೇನ್ರಪ್ಪ, ಕಣ್ಣಾರೆ ಕಂಡ್ವಲ್ಲ" ಎಂದು ಯಾರೋ ಅಂದರು. ಇನ್ಯಾರೋ ಕಾಫಿ ಆರಿಹೋಗಿದೆ ಎಂದು ಹೇಳಿದರು. ಸೀರೆ ಒದ್ದೆಯಾಗಿತ್ತು. ಅದರ ಮೇಲೆ ಅಪ್ಪನ ಟವಲು ಹೊದಿಸಿದ್ದರು. ಬಾಯಿ ತುಂಬ ರಕ್ತ, ನಾಲಿಗೆ ಕಚ್ಚಿಕೊಂಡಿದ್ದೆ. ಜಗುಲಿಯ ಮೇಲೆ ಕೂತವರ ಕಾಲುಗಳೆಲ್ಲ ನನ್ನ ಮುಖದ ಎತ್ತರಕ್ಕೆ ಕಾಣುತ್ತಿದ್ದವು. ಯಾರೂ ಇಳಿದು ಬಂದಿರಲಿಲ್ಲ.

ದೊಡ್ಡವರು ಅಪ್ಪನನ್ನು ಕೇಳಿದರು. "ಏನಪ್ಪ, ಈಗೇನಂತೀಯ?"

ಅಪ್ಪ, "ಕರ್ಕೊಂಡೋಯ್ತೀನಿ" ಅಂದ.

ಓರಗಿತ್ತಿ ನನ್ನನ್ನು ಒಳಗೆ ಎಳೆದುಕೊಂಡು ಹೋಗಿ ಸೀರೆ ಬದಲಿಸಿದಳು. ನನ್ನ ಮೈ ಒರೆಸುತ್ತಾ, ಪಿಸುದನಿಯಲ್ಲಿ ಹೇಳಿದಳು.

"ನಂಗೆ ಶಾಪ ಹಾಕ್ಬ್ಯಾಡ ಕನವ್ವ. ಕೂಲಿಯೋರ್ಗೆ ಬರಬ್ಯಾಡಿ ಅಂತ ಹೇಳ್ಬಂದೋಳು ನಾನೇ. ಅತ್ತೆ ಹೇಳಿಸಿದ್ರು. ಆಸ್ಪತ್ರೆಲಿ ಡಾಕ್ಟ್ರಮ್ಮ ಹೇಳಿದ್ನ ನಿನ್ ಗಂಡ ಬಂದು ಹೇಳಿದ್ನಲ್ಲ, ಬೆಳಗಾನ ಎದ್ದಿದ್ರೆ ಬತ್ತದೆ ಅಂತ. ಅದ್ಕೇ."

ನನ್ನ ನಾಲಿಗೆ ದಪ್ಪಗಾಗಿತ್ತು. "ಕಾಫಿ?" ಅಂದೆ.

ಅವಳಿಗೆ ಅರ್ಥವಾಯಿತು. ಸೀರೆಯ ನೆರಿಗೆ ಸಿಕ್ಕಿಸುತ್ತಾ, "ಅದೂನೂವೆ" ಅಂದಳು. ಸೆರಗು ಹೊದಿಸಿ, "ನನ್ ಮಗ್ಳಿಗೆ ನಾಳೆ ಗಂಡು ಸಿಕ್ಬೇಕಲ್ಲವ್ವ" ಅಂದಳು.

ಗಂಡ ಹಿತ್ತಿಲಲ್ಲಿದ್ದ. ನಾವು ಹೊರಡುವಾಗ ಬರಲಿಲ್ಲ.

ಊರ ಮುಂದೆ ಬಸ್ಸಿಗೆ ಕಾಯುವಾಗ ನನಗೆ ಎರಡನೇ ಸಲ ಬಂತು. ಒಂದು ನಿಂತು ಎಚ್ಚರ ಆಗುವುದರೊಳಗೆ ಇನ್ನೊಂದು. ಗೂಡು ತುಂಬಿಕೊಂಡು ಹೋಗುತ್ತಿದ್ದ ಗಾಡಿಯವನು ನಿಲ್ಲಿಸಿ, ಮೂಟೆಗಳ ನಡುವೆ ಜಾಗ ಮಾಡಿಕೊಟ್ಟ. ಹೀಗೆ ಮತ್ತೆ ಅದೇ ಎಮರ್ಜೆನ್ಸಿ, ಅದೇ ಡಾಕ್ಟ್ರಮ್ಮ. ಇಂಜೆಕ್ಷನ್ ಕೊಟ್ಟು ನಿಲ್ಲಿಸಿದರಂತೆ. ನಾನು ಅಲ್ಲಿ ಎಷ್ಟು ಮಲಗಿದೆನೋ. ಎದ್ದಾಗ ಮಂಚದ ಪಕ್ಕ ಅವರೇ ನಿಂತಿದ್ದರು.

"ಹೇಳಿದ್ದೆನಲ್ಲಮ್ಮ. ಮತ್ತೆ ಯಾಕೆ ನಿದ್ದೆಗೆಟ್ಟಿರಿ?"

ನಾನು ಹೇಳಿದೆ. ಮಾತ್ರೆ ಮುಗಿದದ್ದು, ಕೂಲಿಯವರು, ಹಿರಿಯರು, ಕಾಫಿ, ತಟ್ಟೆ. ಅಪ್ಪ ಅಲ್ಲೇ ಇದ್ದ, ಕಿಟಕಿಯ ಕಡೆ ತಿರುಗಿ ನಿಂತ. ಡಾಕ್ಟ್ರಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. "ನಾನು ಅವರಿಗೆ ಹೇಳಿದ್ದು ನಿಮ್ಮನ್ನ ಕಾಪಾಡಲಿ ಅಂತ" ಎಂದರು ಕೊನೆಗೆ. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಅವರಿಗೇನು ಗೊತ್ತು, ಯಾವ ಮನೆಯಲ್ಲಿ ಯಾವ ಮಾತು ಏನಾಗುತ್ತದೆ ಎಂದು.

ಆಮೇಲೆ ವರ್ಷಗಟ್ಟಲೆ ನಾನು ಅವರ ಹತ್ತಿರವೇ ತೋರಿಸಿಕೊಂಡೆ. ಅವರು ಒಂದು ಅಭ್ಯಾಸ ಬದಲಿಸಿಕೊಂಡಿದ್ದನ್ನು ನೋಡಿದೆ. ಫಿಟ್ಸಿನ ಹೆಣ್ಣುಮಕ್ಕಳು ಬಂದರೆ ಗಂಡನನ್ನೂ ಅತ್ತೆಯನ್ನೂ ಮೊದಲು ಹೊರಗೆ ಕಳಿಸಿ, ಬಾಗಿಲು ಮುಂದಕ್ಕೆ ಹಾಕಿ, ಆಮೇಲೆ ಮಾತಾಡುತ್ತಿದ್ದರು.

ಆಸ್ಪತ್ರೆಯಿಂದ ಅಪ್ಪ ನನ್ನನ್ನು ಬಸ್ಸಿನಲ್ಲಿ ಊರಿಗೆ ಕರೆದುಕೊಂಡು ಹೋದ. ಮಾಗಡಿಯಲ್ಲಿ ಇಳಿಯುವ ಹೊತ್ತಿನಲ್ಲಿ, ತನಗೆ ತಾನೇ ಹೇಳಿಕೊಂಡ ಹಾಗೆ, "ಇನ್ನೊಂದ್ ವರ್ಷ ತಡೆದಿದ್ರೆ ಒಂದು ಮೊಗ ಆಗೋದು. ಆಗಿದ್ರೆ ಯಾರೂ ಬುಡ್ತಿರ್ನಿಲ್ಲ" ಅಂದ. ನನ್ನನ್ನು ಕುರಿತು ಅವನು ಆಡಿದ ದುಃಖದ ಮಾತು ಅದೊಂದೇ. ಅವ್ವ ನನ್ನನ್ನು ತಬ್ಬಿಕೊಂಡು ಅತ್ತಳು. ನಾನು ಅವಳಿಗೆ ಎಲ್ಲವನ್ನೂ ಹೇಳಿದೆ, ಅವರು ಬೇಕೆಂದೇ ಎದ್ದು ಕೂರಿಸಿದ್ದನ್ನು. ಕೇಳಿಸಿಕೊಂಡು, ಕಣ್ಣೊರೆಸಿಕೊಂಡು, "ಅದೂ ನಿಜ. ಆದ್ರೆ ಅಮಾಸೆನೂ ಹತ್ರ ಇತ್ತಲ್ಲವ್ವ" ಅಂದಳು.

ಮನೆಯಲ್ಲಿ ಕೂತು ತಿನ್ನುವುದು ಬೇಡವೆಂದು ಹಾರೋಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಕೆಲಸಕ್ಕೆ ಸೇರಿದೆ. ದೂರದ ಚಿಕ್ಕಮ್ಮ ಒಬ್ಬರು ಅಲ್ಲೇ ಇದ್ದರು, ಅವರ ಮನೆಯ ಹಿಂದಿನ ಕೋಣೆ ಕೊಟ್ಟರು. ಡಬ್ಬಿಗಳಿಗೆ ಮುಚ್ಚಳ ಹಾಕಿ ಪ್ಯಾಕ್ ಮಾಡುವ ಕೆಲಸ. ಕಾಯಿಲೆಯ ವಿಷಯ ಹೇಳಲಿಲ್ಲ. ಹೇಳಿದ್ದರೆ ಗೇಟಿನಿಂದ ಒಳಗೆ ಬಿಡುತ್ತಿರಲಿಲ್ಲ. ಸೂಪರ್‌ವೈಸರ್ ರಾತ್ರಿ ಪಾಳಿಗೆ ಹಾಕಿದಾಗಲೆಲ್ಲ ನಾನು ಕಾರಣ ಹುಡುಕಬೇಕಿತ್ತು. ಹಗಲಿನಲ್ಲಿ ಎರಡರಷ್ಟು ಕೆಲಸ ಬೇಕಾದರೆ ಮಾಡುತ್ತೇನೆ ಅನ್ನುತ್ತಿದ್ದೆ. ಅವನು ಎಲ್ಲರೆದುರಿಗೆ, "ಇವ್ಳಿಗೆ ರಾತ್ರಿ ಬೇರೆ ಪಾಳಿ ಇರಬೇಕು ಕಣ್ರೋ" ಅಂದ. ಗಂಡಸರು ನಕ್ಕರು. ಹೆಂಗಸರೂ ನಕ್ಕರು. ನಗಲಿ ಎಂದು ಬಿಟ್ಟೆ. ನಿಜ ಹೇಳುವುದಕ್ಕಿಂತ ಆ ಹೆಸರೇ ನನಗೆ ಕ್ಷೇಮವಾಗಿತ್ತು. ಕತ್ತಲಾಗುತ್ತಲೇ ಉಂಡು, ಮಾತ್ರೆ ನುಂಗಿ ಮಲಗುತ್ತಿದ್ದೆ. ಪಕ್ಕದ ಮನೆಯ ಮಕ್ಕಳು ನನಗೆ ಕೋಳಿ ಅಕ್ಕ ಎಂದು ಹೆಸರಿಟ್ಟರು. ಫಿಟ್ಸು ಬರುವುದು ನಿಂತಿತು. ನಿಂತೇ ಹೋಯಿತು ಅನ್ನಬಹುದು.

ಗಂಡನಾಗಿದ್ದವನನ್ನು ಆಮೇಲೆ ಒಂದೇ ಸಲ ನೋಡಿದೆ, ರಾಮನಗರದ ಬಸ್‌ಸ್ಟ್ಯಾಂಡಿನಲ್ಲಿ. ಬೇರೆ ಮದುವೆಯಾಗಿ ಇಬ್ಬರು ಮಕ್ಕಳಿದ್ದಾರೆ ಎಂದು ಕೇಳಿದ್ದೆ. ತಲೆ ಬೋಳಾಗುತ್ತಾ ಬಂದಿತ್ತು. ನನ್ನ ಗುರುತು ಹಿಡಿದು ತಾನಾಗಿಯೇ ಬಂದ.

"ಚೆನ್ನಾಗಿದ್ದೀಯಾ?"

"ಚೆನ್ನಾಗಿದ್ದೀನಿ."

"ಈಗ ಬರಾಕಿಲ್ವಾ ಅದು?"

"ಇಲ್ಲ."

ಏನೋ ಹೇಳುವುದಿರುವವನ ಹಾಗೆ ನಿಂತ. ನಾನು ಕಾದೆ. ನಿಜವಾಗಿಯೂ ಕಾದೆ, ಬಸ್ಸು ಬಂದು ನಿಂತಿದ್ದರೂ ಹತ್ತಲಿಲ್ಲ.

"ನಮ್ಮವ್ವ ಹೋಗ್ಬುಟ್ರು" ಅಂದ.

"ಹೂಂ" ಅಂದು ಬಸ್ಸು ಹತ್ತಿದೆ. ಕೂತ ಮೇಲೆ ಮೈ ನಡುಗಿತು. ಕೈ ಎಗರುತ್ತಿದೆಯೇ ಎಂದು ಹೆದರಿ ಬೆರಳು ನೋಡಿಕೊಂಡೆ. ಅದಲ್ಲ, ಬರೀ ಸಿಟ್ಟು.

ಈಚೆಗೆ ನನ್ನ ಅಣ್ಣನ ಮಗಳಿಗೆ ಗಂಡು ನೋಡಿದರು. ಬಿ.ಎಡ್. ಮಾಡಿದ ಹುಡುಗಿ, ಕೆಲಸದಲ್ಲಿದ್ದಾಳೆ. ಗಂಡಿನ ಕಡೆಯವರೂ ಓದಿದವರೇ. ಹಿಂದಿನ ದಿನ ನಾನು ಊರಿಗೆ ಹೋಗಿ, ಅಂಗಳ ಸಾರಿಸಿ, ತೋರಣ ಕಟ್ಟಿದ್ದೆ. ಸಂಜೆ ಅಣ್ಣ ಹತ್ತಿರ ಬಂದು ಕೂತ. ಅವನ ಮುಖ ನೋಡಿದ ಕೂಡಲೇ ನನಗೆ ತಿಳಿಯಿತು.

"ನಾಳೆ ಬೆಳಿಗ್ಗೆ ಅವ್ರು ಬತ್ತಾರೆ" ಅಂದ.

"ಗೊತ್ತು."

"ನೀನು ಒಂದು ದಿನ... ಅವ್ರ ಕಡೆ ಯಾರೋ ಕನಕಪುರದೋರು ಅವ್ರಂತೆ. ನಿನ್ನ ಗುರುತು ಹಿಡುದ್ರೆ, ಮನೆತನದಲ್ಲೇ ಐತೆ ಅಂತಾರೆ. ಈ ಕಾಲ್ದಲ್ಲೂ ಅಂತಾರೆ, ನಿಂಗೆ ಗೊತ್ತಲ್ಲ."

"ಅವಳಿಗೆ ಗೊತ್ತಾ, ನೀನು ನನ್ನ ಕೇಳ್ತಿರೋದು?"

ಬಾಗಿಲಲ್ಲಿ ನಿಂತಿದ್ದ ಹುಡುಗಿ ಒಳಕ್ಕೆ ಹೋದಳು. ಊರಿಗೆ ಹೋದಾಗಲೆಲ್ಲ ನಾನೇ ಎತ್ತಿ ಆಡಿಸಿದ ಮಗು.

ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟು ಹಾರೋಹಳ್ಳಿಗೆ ಬಂದೆ. ಅವತ್ತು ರಜೆ ಹಾಕಿದ್ದೆ, ಆದರೂ ಕೆಲಸಕ್ಕೆ ಹೋದೆ. ಸೂಪರ್‌ವೈಸರ್ ಕೂಡ ಬೇರೆಯವನು ಈಗ, ಚಿಕ್ಕ ವಯಸ್ಸಿನವನು. "ಏನಮ್ಮ, ರಜೆ ಅಂದಿದ್ರಿ" ಅಂದ. ಬೇಡವಾಯಿತು ಅಂದೆ. ಮಧ್ಯಾಹ್ನ ಅಣ್ಣ ಫೋನ್ ಮಾಡಿ ಒಪ್ಪಿಗೆಯಾಯಿತು ಅಂದ. ದನಿಯಲ್ಲಿ ಬಹಳ ಖುಷಿಯಿತ್ತು. ಸಾಯಂಕಾಲ ಯಾರ ಕೈಲೋ ಕೇಸರಿಬಾತು, ಬೋಂಡ ಕಳಿಸಿದ್ದ. ಚಿಕ್ಕಮ್ಮನಿಗೆ ಅರ್ಧ ಕೊಟ್ಟು, ಉಳಿದದ್ದು ನಾನು ತಿಂದೆ. ಬೋಂಡ ತಣ್ಣಗಾಗಿ ಎಣ್ಣೆ ಬಿಟ್ಟಿತ್ತು. ಪಾತ್ರೆ ತೊಳೆದಿಟ್ಟು, ಮಾತ್ರೆ ನುಂಗಿ ಮಲಗಿದೆ.